ಗಂಟೆ ಹೊಡೆಯದ ಊರಿನಲ್ಲಿ: ಎಂಜಿನಿಯರಿಂಗ್ ಮೊದಲ ವರ್ಷದ ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸಿರುವ ವಿದ್ಯಾರ್ಥಿನಿ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ನಾನು ಅಲ್ಲಿ ಮೊದಲ ವರ್ಷದವರಿಗೆ ಗಣಿತ ಪಾಠ ಮಾಡುತ್ತೇನೆ. ಅದರ ಜೊತೆಗೆ ಇಪ್ಪತ್ತು ವಿದ್ಯಾರ್ಥಿಗಳ ಒಂದು ಗುಂಪಿಗೆ ಮೆಂಟರ್ ಆಗಿರುತ್ತೇನೆ. ಆಕೆ ಆ ಗುಂಪಿನಲ್ಲಿದ್ದಳು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಕೈಬಿಟ್ಟು, ನನ್ನ ಮೆಂಟರ್ ಪುಸ್ತಕದ ಟಿಪ್ಪಣಿಗಳ ಆಧಾರದಿಂದ ಇದನ್ನು ಬರೆಯುತ್ತಿದ್ದೇನೆ. ಬರೆಯಬೇಕೆನಿಸಿದ್ದಕ್ಕೆ ಮುಖ್ಯ ಕಾರಣವೆಂದರೆ, ಆಕೆಯ ತೊಂದರೆಯನ್ನು ನಾನು ಸುಮಾರು ಐದು ತಿಂಗಳು ತಪ್ಪಾಗಿ ತಿಳಿದಿದ್ದೆ. ಆ ತಪ್ಪು ತಿಳಿವಳಿಕೆಯಿಂದ ಕೊಟ್ಟ ನೆರವು ಫಲ ಕೊಟ್ಟಂತೆಯೇ ಕಾಣಿಸಿದ್ದರಿಂದ ತಪ್ಪು ಇನ್ನಷ್ಟು ದಿನ ಮುಚ್ಚಿಕೊಂಡಿತು.

ಹಿನ್ನೆಲೆ

ಆಕೆಯ ಊರು ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಮನೆತನ. ಎಸ್ಸೆಸ್ಸೆಲ್ಸಿಯವರೆಗೆ ಓದಿದ್ದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಅಲ್ಲಿ ಒಳ್ಳೆಯ ಅಂಕ ಬಂದದ್ದರಿಂದ ತಂದೆ ಸಾಲ ಮಾಡಿ, ಊರಿನಿಂದ ಬಹುದೂರದ ಒಂದು ವಸತಿಸಹಿತ ಪಿಯು ಕಾಲೇಜಿಗೆ ಸೇರಿಸಿದರು. ಎರಡು ವರ್ಷದ ನಂತರ ಪಿಯುಸಿಯಲ್ಲಿ 600ಕ್ಕೆ 561 ಅಂಕ ಬಂದವು. ಸಿಇಟಿ ರ‍್ಯಾಂಕಿನಲ್ಲಿ ಪಿಯು ಅಂಕಗಳಿಗೂ ಪ್ರವೇಶ ಪರೀಕ್ಷೆಯ ಅಂಕಗಳಿಗೂ ಸಮಪಾಲು ಇರುವುದರಿಂದ ರ‍್ಯಾಂಕೂ ಚೆನ್ನಾಗಿಯೇ ಬಂತು. 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಪ್ರಕಾರ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಜಿಲ್ಲೆಗಳ ಅಭ್ಯರ್ಥಿಗಳಿಗೆ ರಾಜ್ಯದ ಇತರೆಡೆಯ ಕಾಲೇಜುಗಳಲ್ಲಿ ಶೇ. 8ರಷ್ಟು ಸೀಟುಗಳ ಮೀಸಲಿದೆ. ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಆಕೆಗೆ ಸೀಟು ದೊರೆತದ್ದು ಹಾಗೆ.

ಈ ಕೊನೆಯ ವಿವರವನ್ನು ಹೇಳಲು ಒಂದು ಕಾರಣವಿದೆ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಆಕೆಯ ಅಂಕ ಕಡಿಮೆಯಾದಾಗ ಅಧ್ಯಾಪಕರ ಕೊಠಡಿಯಲ್ಲಿ ಒಬ್ಬರು ಪ್ರವೇಶದ ಪಟ್ಟಿಯನ್ನು ನೋಡಿ, ‘ಆ ಕೋಟಾದವರಲ್ಲವೇ’ ಎಂದು ಹಾಳೆ ಮಡಚಿಟ್ಟರು. ವಿಚಾರಣೆ ಅಲ್ಲಿಗೆ ಮುಗಿಯಿತು. ನಾನು ಅಂದು ಅದನ್ನು ಪ್ರತಿಭಟಿಸಲಿಲ್ಲ. ಪಿಯುಸಿ ಗಣಿತದಲ್ಲಿ ಆಕೆ ತೆಗೆದಿದ್ದ ಅಂಕ ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿಯ ಅಂಕಕ್ಕಿಂತ ಮೇಲಿತ್ತೆಂಬುದನ್ನು ನಾನು ಪರಿಶೀಲಿಸಿ ನೋಡಿದ್ದು ಬಹಳ ತಡವಾಗಿ.

ಬೆಂಗಳೂರಿನಲ್ಲಿ ಆಕೆ ಉಳಿದುಕೊಂಡದ್ದು ವಿಜಯನಗರದ ಕಡೆಯ ಒಂದು ಮಹಿಳಾ ಪಿ.ಜಿ.ಯಲ್ಲಿ, ಮೂರು ಮಂದಿಯ ಕೋಣೆಯಲ್ಲಿ. ಉಳಿದಿಬ್ಬರು ಉದ್ಯೋಗದಲ್ಲಿದ್ದವರು, ಒಬ್ಬರಿಗೆ ರಾತ್ರಿ ಪಾಳಿ. ಅದೇ ವರ್ಷದ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿದ್ದರಿಂದ ಕಾಲೇಜಿಗೆ ಬಿಎಂಟಿಸಿ ಬಸ್ಸಿನಲ್ಲಿ ಖರ್ಚಿಲ್ಲದೆ ಬಂದುಹೋಗುತ್ತಿದ್ದಳು. ಕಾವೇರಿ ನೀರಿನ ವಿಚಾರವಾಗಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಹೊಸಬರಾಗಿ ಬಂದವರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳಬೇಕಾದ ವಾರದಲ್ಲಿ ಎರಡು ದಿನ ಪಿ.ಜಿ.ಯ ಕೋಣೆಯಲ್ಲೇ ಕಳೆದವು. ಇದು ಸಣ್ಣ ಸಂಗತಿ. ಆದರೆ ತಾನು ಬೆಂಗಳೂರಿನಲ್ಲಿ ಮೊದಲು ಕಂಡದ್ದೇನು ಎಂದು ನಾನು ಮುಂದೆ ಕೇಳಿದಾಗ ಆಕೆ ಹೇಳಿದ್ದು ಆ ಎರಡು ದಿನಗಳ ಮುಚ್ಚಿದ ಬಾಗಿಲನ್ನೇ.

ಮೊದಲ ತಿಳಿವಳಿಕೆ

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾದರಿಯಂತೆ ನಡೆಯುವ ಮೂರು ವಾರಗಳ ಪ್ರವೇಶ ಕಾರ್ಯಕ್ರಮದಲ್ಲಿ ಆಕೆ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ತರಗತಿಯಲ್ಲಿ ಎರಡನೇ ಸಾಲಿನಲ್ಲಿ ಕುಳಿತು ಬೋರ್ಡಿನ ಮೇಲಿರುವುದೆಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ನೋಟ್ಸು ಅಚ್ಚುಕಟ್ಟು, ಲ್ಯಾಬ್ ರೆಕಾರ್ಡು ಸಮಯಕ್ಕೆ ಸರಿಯಾಗಿ ಸಿದ್ಧ, ಹಾಜರಾತಿ ಪೂರ್ಣ. ದಸರೆ ಕಳೆದು ನಡೆದ ಮೊದಲ ಆಂತರಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದದ್ದು 25ಕ್ಕೆ 8, ಭೌತಶಾಸ್ತ್ರಕ್ಕೆ 9.

ನಾನು ಕರೆಸಿ ಮಾತನಾಡಿದೆ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ತಲೆ ತಗ್ಗಿಸಿದಳು. ಕನ್ನಡದಲ್ಲಿ ಕೇಳಿದೆ, ಉತ್ತರವಾಗಿ ‘ಹೂಂ ರೀ’ ಎಂಬೆರಡು ಮಾತು ಮಾತ್ರ ಬಂದವು. ಕೆಲವು ಸಹಪಾಠಿಗಳು ಆಕೆಯ ಮಾತಿನ ಧಾಟಿಯನ್ನು ಅನುಕರಿಸಿ ನಗುತ್ತಿದ್ದುದು, ಅದರಿಂದ ಆಕೆ ಕನ್ನಡದಲ್ಲಿಯೂ ಬಾಯಿ ಬಿಡುವುದನ್ನು ನಿಲ್ಲಿಸಿದ್ದುದು ಆಗ ನನಗೆ ಗೊತ್ತಿರಲಿಲ್ಲ. ಕನ್ನಡ ಮಾಧ್ಯಮ, ಹಳ್ಳಿ, ಮೌನ, ಕಡಿಮೆ ಅಂಕ, ಈ ನಾಲ್ಕನ್ನು ಒಟ್ಟಿಗೆ ಕಂಡ ಯಾವ ಅಧ್ಯಾಪಕರೂ ಬರೆಯಬಹುದಾದುದನ್ನೇ ನಾನೂ ಮೆಂಟರ್ ಪುಸ್ತಕದಲ್ಲಿ ಬರೆದೆ: ‘ಇಂಗ್ಲಿಷ್ ತೊಡಕು. ಬ್ರಿಡ್ಜ್ ತರಗತಿ ಅಗತ್ಯ.’

ಮನೆಯ ನೆನಪು ಕಾಡುತ್ತಿರಬಹುದೇ ಎಂದೂ ಯೋಚಿಸಿದ್ದುಂಟು. ಅಮೆರಿಕದ ಸಮಾಜಶಾಸ್ತ್ರಜ್ಞ ವಿನ್ಸೆಂಟ್ ಟಿಂಟೊ ಕಾಲೇಜಿನ ಮೊದಲ ದಿನಗಳನ್ನು, ಆರ್ನಾಲ್ಡ್ ವಾನ್ ಗೆನ್ನೆಪ್ 1909ರಲ್ಲಿ ವಿಧಿಗಳನ್ನು ಕುರಿತು ಹೇಳಿದ ಮೂರು ಹಂತಗಳ ಮೂಲಕ ವಿವರಿಸುತ್ತಾರೆ: ಹಳೆಯ ನೆಲೆಯಿಂದ ಬೇರ್ಪಡುವುದು, ನಡುವೆ ತೂಗಾಡುವುದು, ಹೊಸ ನೆಲೆಯಲ್ಲಿ ಸೇರಿಕೊಳ್ಳುವುದು. ನಾನು ಆಕೆಯ ವಿಚಾರದಲ್ಲಿ ಮೊದಲ ಹಂತ ಎರಡು ವರ್ಷದ ಹಿಂದೆಯೇ ಮುಗಿದಿದೆ ಎಂದುಕೊಂಡೆ. ಹದಿನಾರನೆಯ ವಯಸ್ಸಿನಲ್ಲೇ ಮನೆ ಬಿಟ್ಟು ಹಾಸ್ಟೆಲಿನಲ್ಲಿ ಇದ್ದವಳಿಗೆ ಪರ ಊರು ಹೊಸದಲ್ಲ ಎಂಬುದು ನನ್ನ ತರ್ಕ. ಆ ಹಾಸ್ಟೆಲಿನ ಎರಡು ವರ್ಷಗಳೇ ಸಮಸ್ಯೆಯ ಬೇರು ಎಂಬುದು ಹೊಳೆಯಲಿಲ್ಲ.

ಬ್ರಿಡ್ಜ್ ತರಗತಿ, ಅಂದರೆ ಹಿಂದುಳಿದವರಿಗೆ ನಡೆಸುವ ಹೆಚ್ಚುವರಿ ಪಾಠ, ಸಂಜೆ 5ರಿಂದ 6ರವರೆಗೆ. ಅದರ ಮೇಲೆ ನಾನು ಪ್ರತಿದಿನ ಒಂದು ಹಾಳೆ ಲೆಕ್ಕ ಕೊಡುತ್ತಿದ್ದೆ. ಮರುದಿನ ಬೆಳಿಗ್ಗೆ ತಂದು ತೋರಿಸಬೇಕು. ತೋರಿಸದ ದಿನ ಒಂದೂ ಇರಲಿಲ್ಲ. ಡಿಸೆಂಬರಿನ ಎರಡನೇ ಆಂತರಿಕ ಪರೀಕ್ಷೆಯಲ್ಲಿ ಗಣಿತದಲ್ಲಿ 25ಕ್ಕೆ 19 ಬಂತು. ನಾನು ಸಂತೋಷದಿಂದ ‘ಗಮನಾರ್ಹ ಸುಧಾರಣೆ, ವಿಶೇಷ ನಿಗಾ ಅಗತ್ಯವಿಲ್ಲ’ ಎಂದು ಬರೆದು ಆ ಪುಟ ಮುಗಿಸಿದೆ.

ಪರೀಕ್ಷೆಯ ರಜೆ

ನಮ್ಮ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಒಂದು ವಿಷಯದ ಅಂಕಗಳು ಎರಡು ಕಡೆಯಿಂದ ಬರುತ್ತವೆ. ಆಂತರಿಕ ಮೌಲ್ಯಮಾಪನಕ್ಕೆ 50. ಸೆಮಿಸ್ಟರಿನ ಕೊನೆಯ ಪರೀಕ್ಷೆ 100 ಅಂಕಗಳಿಗೆ ನಡೆದು 50ಕ್ಕೆ ಇಳಿಯುತ್ತದೆ. ಆಂತರಿಕದಲ್ಲಿ ಶೇ. 40, ಕೊನೆಯ ಪರೀಕ್ಷೆಯಲ್ಲಿ ಶೇ. 35, ಒಟ್ಟಿನಲ್ಲಿ ಶೇ. 40 ಬರಬೇಕು. ಕೊನೆಯ ಪರೀಕ್ಷೆ ಮೂರು ಗಂಟೆಯದು. ಐದು ಘಟಕಗಳಿಂದ ತಲಾ ಒಂದು ಪೂರ್ಣ ಪ್ರಶ್ನೆಗೆ, ಅಂದರೆ 20 ಅಂಕದ ಐದು ಪ್ರಶ್ನೆಗಳಿಗೆ, ಬಿಡಿಸಿ ಬರೆಯಬೇಕು. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆಗಳಿಗೆ ನಾಲ್ಕರಲ್ಲಿ ಒಂದು ಉತ್ತರವನ್ನು ಗುರುತು ಮಾಡಿ ಬಂದವರಿಗೆ ಈ ಬದಲಾವಣೆ ದೊಡ್ಡದೇ. ಆದರೆ ಆಕೆಯ ಪ್ರಕರಣದಲ್ಲಿ ಇದು ಅರ್ಧ ವಿವರಣೆ ಮಾತ್ರ, ಏಕೆಂದರೆ ಪಿಯು ಮಂಡಳಿಯ ಪರೀಕ್ಷೆಯಲ್ಲಿ ಬಿಡಿಸಿ ಬರೆಯುವುದನ್ನು ಆಕೆ ಚೆನ್ನಾಗಿಯೇ ಮಾಡಿದ್ದಳು.

ಫಲಿತಾಂಶ ಬಂದಾಗ ಗಣಿತ, ಭೌತಶಾಸ್ತ್ರ ಎರಡೂ ಬ್ಯಾಕ್ ಉಳಿದಿದ್ದವು, ಅಂದರೆ ಮತ್ತೆ ಬರೆದು ತೇರ್ಗಡೆಯಾಗಬೇಕಿತ್ತು. ಗಣಿತದಲ್ಲಿ ಆಂತರಿಕ ಅಂಕ 50ಕ್ಕೆ 36, ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 24. ಮೂರು ವಾರ ಮೊದಲು ಪೋಲಾರ್ ವಕ್ರರೇಖೆಗಳ ಲೆಕ್ಕವನ್ನು ನನ್ನ ಮುಂದೆಯೇ ತಪ್ಪಿಲ್ಲದೆ ಬಿಡಿಸಿದ್ದ ವಿದ್ಯಾರ್ಥಿನಿ ಆ ಘಟಕದ ಪ್ರಶ್ನೆಯನ್ನೇ ಮುಟ್ಟಿರಲಿಲ್ಲ. ಇನ್ನೊಂದು ಕಡೆ, ಸಂವಹನ ಇಂಗ್ಲಿಷ್ ಪತ್ರಿಕೆಯಲ್ಲಿ ಆಕೆ ಉತ್ತಮವಾಗಿ ತೇರ್ಗಡೆಯಾಗಿದ್ದಳು. ಇಂಗ್ಲಿಷ್ ತೊಡಕೆಂದು ನಾನು ಬರೆದಿದ್ದ ಮಾತಿಗೂ ಈ ಅಂಕಪಟ್ಟಿಗೂ ತಾಳೆಯಾಗುತ್ತಿರಲಿಲ್ಲ. ಆಂತರಿಕದಲ್ಲಿ 36 ತಂದವಳು ಕೊನೆಯ ಪರೀಕ್ಷೆಯಲ್ಲಿ 24ಕ್ಕೆ ಇಳಿಯಬೇಕಾದರೆ ನಡುವಿನ ಪರೀಕ್ಷಾ ರಜೆಯಲ್ಲಿ ಏನೋ ನಡೆದಿರಬೇಕೆಂದು ಆಗ ಮೊದಲ ಬಾರಿಗೆ ಅನ್ನಿಸಿತು.

ಕೇಳೋಣವೆಂದರೆ ಎರಡನೇ ಸೆಮಿಸ್ಟರಿನ ತರಗತಿಗಳಿಗೆ ಆಕೆ ಬರಲಿಲ್ಲ. ಒಂಬತ್ತು ದಿನ ಫೋನ್ ಸ್ವಿಚ್ ಆಫ್ ಆಗಿತ್ತು. ವಿಶ್ವವಿದ್ಯಾಲಯ ಶೇ. 85 ಹಾಜರಾತಿ ಕೇಳುವುದರಿಂದ ಇಂಥ ಸಂದರ್ಭದಲ್ಲಿ ಕಚೇರಿಯಿಂದ ಪೋಷಕರಿಗೆ ಸಂದೇಶ ಹೋಗುವುದು ವಾಡಿಕೆ. ನಾನು ಅದನ್ನು ಎರಡು ದಿನ ತಡೆಹಿಡಿಯುವಂತೆ ಕೇಳಿಕೊಂಡೆ. ಅದು ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು, ತುಂಗಭದ್ರಾ ಜಲಾಶಯದಲ್ಲಿ ನೀರು ಸಾಲದೆ ಕಾಲುವೆ ಕೆಳಗಿನ ಎರಡನೇ ಬೆಳೆಗೆ ನೀರು ಬಿಟ್ಟಿರಲಿಲ್ಲ. ಸಾಲದಲ್ಲಿದ್ದ ತಂದೆಗೆ ಮಗಳು ಕಾಲೇಜಿಗೆ ಹೋಗುತ್ತಿಲ್ಲವೆಂಬ ಸುದ್ದಿ ಯಂತ್ರದ ಸಂದೇಶವಾಗಿ ತಲುಪುವುದು ನನಗೆ ಸರಿ ಕಾಣಲಿಲ್ಲ. ಆ ಎರಡು ದಿನ ತಡೆದದ್ದು ಸರಿಯೇ ಎಂದು ಇಂದಿಗೂ ನನಗೆ ಪೂರ್ಣ ಖಚಿತವಿಲ್ಲ; ಆಕೆಗೆ ಏನಾದರೂ ಆಗಿದ್ದರೆ ತಡೆದದ್ದಕ್ಕೆ ನಾನೇ ಹೊಣೆಯಾಗುತ್ತಿದ್ದೆ. ಆದ್ದರಿಂದ ಅಂದೇ ಸಂಜೆ ಆಕೆಯ ಲ್ಯಾಬ್ ಜೊತೆಗಾತಿಯನ್ನು ಕರೆದುಕೊಂಡು ಪಿ.ಜಿ.ಗೆ ಹೋದೆ. ನಡೆಸುವ ಆಂಟಿ ಬಾಗಿಲು ತೆರೆದು, ಹುಡುಗಿ ಒಳಗೇ ಇದ್ದಾಳೆ, ಊಟಕ್ಕೆ ಮಾತ್ರ ಕೆಳಗೆ ಬರುತ್ತಾಳೆ ಎಂದರು.

ಅಂದು ಮೊದಲು ಕೇಳಬೇಕಾದದ್ದನ್ನು ಮೊದಲು ಕೇಳಿದೆ: ನಿದ್ದೆ, ಊಟ, ಬದುಕು ಬೇಡ ಎಂಬ ಯೋಚನೆ ಬಂದಿದೆಯೇ ಎಂಬುದು. ಇದನ್ನು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅಧ್ಯಾಪಕರಲ್ಲಿ ಸಾಮಾನ್ಯ. ಅದು ತಪ್ಪು ಭಯ. ನೇರವಾಗಿ ಕೇಳುವುದೇ ಸುರಕ್ಷಿತ. ಅಂಥ ಯೋಚನೆ ಇಲ್ಲವೆಂದಳು. ನಿದ್ದೆ ಮಾತ್ರ ಕೆಟ್ಟಿತ್ತು. ಕಾಲೇಜಿನ ಆಪ್ತ ಸಮಾಲೋಚಕರನ್ನು ಮರುದಿನವೇ ಕಾಣುವಂತೆ ಏರ್ಪಾಡು ಮಾಡಿದೆ. ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿದ್ದು ನಡೆಸುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಆಕೆಯ ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿ, ಹಗಲು ರಾತ್ರಿಯೆನ್ನದೆ ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಿದೆ. ನಾನು ಮನೋವೈದ್ಯಳಲ್ಲ, ಮುಂದೆ ಹೇಳುವುದು ಓದಿಗೆ ಸಂಬಂಧಪಟ್ಟ ಭಾಗವನ್ನು ಮಾತ್ರ.

ಏಳು ದಿನಗಳ ಹಾಳೆ

ಊರಿಗೆ ಹಿಂತಿರುಗಿ ಹತ್ತಿರದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರುತ್ತೇನೆ ಎಂಬುದು ಆಕೆಯ ನಿರ್ಧಾರವಾಗಿತ್ತು. ನಾನು ಬೇಡವೆನ್ನಲಿಲ್ಲ. ಹೋಗುವ ಮೊದಲು ಒಂದು ವಾರ ಕಾಲೇಜಿಗೆ ಬರಬೇಕು, ಬೆಳಗಿನಿಂದ ಮಲಗುವವರೆಗೆ ಪ್ರತಿ ಗಂಟೆ ಏನು ಮಾಡಿದೆ ಎಂದು ಬರೆದು ತರಬೇಕು ಎಂದು ಮಾತ್ರ ಕೇಳಿದೆ. ಬರೆಯುವುದು ಕನ್ನಡದಲ್ಲಿ, ತನ್ನ ಮಾತಿನಲ್ಲಿ.

ಆ ಹಾಳೆ ಈಗಲೂ ನನ್ನ ಬಳಿ ಇದೆ. ಬೆಳಿಗ್ಗೆ 8ರಿಂದ ಸಂಜೆ 4ರವರೆಗಿನ ಸಾಲುಗಳು ತುಂಬಿವೆ. 5ರಿಂದ ರಾತ್ರಿ 1ರವರೆಗೆ ಏಳೂ ದಿನ ಒಂದೇ ಬರಹ: ‘ಓದಲು ಕುಳಿತೆ.’ ನಾಲ್ಕನೆಯ ದಿನ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಯಾವುದನ್ನು ಓದಲಿ ಎಂದು ಯೋಚಿಸುತ್ತಿದ್ದೆ’ ಎಂದಿದೆ. ಎಂಟು ಗಂಟೆ ಯೋಚಿಸಿದ್ದೀಯಾ ಎಂದು ಕೇಳಿದೆ. ಐದಾರು ತಿಂಗಳಲ್ಲಿ ಆಕೆ ನನ್ನೊಡನೆ ಆಡಿದ ಮೊದಲ ಪೂರ್ಣ ವಾಕ್ಯ ಆಗ ಬಂತು: “ಇಲ್ಲಿ ಏನ್ ಓದಬೇಕಂತ ಯಾರೂ ಹೇಳಂಗಿಲ್ರಿ ಮೇಡಂ.”

ಆಮೇಲೆ ಮಾತು ತಾನಾಗಿ ಹರಿಯಿತು. ವಸತಿ ಕಾಲೇಜಿನಲ್ಲಿ ಬೆಳಿಗ್ಗೆ 5ಕ್ಕೆ ಗಂಟೆ. 5.30ಕ್ಕೆ ಸ್ಟಡಿ ಅವರ್, ಆ ಹೊತ್ತಿನಲ್ಲಿ ಯಾವ ಪುಸ್ತಕ ತೆರೆದಿರಬೇಕೆಂಬುದು ಗೋಡೆಯ ಮೇಲೆ ಅಂಟಿಸಿರುತ್ತಿತ್ತು. ತರಗತಿ, ಊಟ, ಮತ್ತೆ ತರಗತಿ, ಸಂಜೆಯ ಸ್ಟಡಿ, ರಾತ್ರಿಯ ಸ್ಟಡಿ, 10.30ಕ್ಕೆ ದೀಪ ಆರುತ್ತಿತ್ತು. ಪ್ರತಿ ಭಾನುವಾರ ಪರೀಕ್ಷೆ, ಸೋಮವಾರ ಅಂಕ, ಕಡಿಮೆ ಬಂದ ಪಾಠಕ್ಕೆ ಮಂಗಳವಾರ ಮತ್ತೆ ತರಗತಿ. ಮೊಬೈಲ್ ಇಲ್ಲ. ಮನೆಗೆ ವಾರಕ್ಕೊಮ್ಮೆ ಕರೆ. ಜೊತೆಗಾರರನ್ನೂ ಹುಡುಕಬೇಕಾಗಿರಲಿಲ್ಲ, ಒಂದೇ ಗಂಟೆಗೆ ಏಳುವ ಎಂಟು ಮಂದಿ ಒಂದೇ ಕೋಣೆಯಲ್ಲಿದ್ದರು. ಆಕೆ ಇದನ್ನು ದೂರಾಗಿ ಹೇಳಲಿಲ್ಲ, ಬಹಳ ಪ್ರೀತಿಯಿಂದ ಹೇಳಿದಳು. ಅಲ್ಲಿನವರು ಕಾಳಜಿಯಿಂದ ನೋಡಿಕೊಂಡರೆಂಬುದರಲ್ಲಿ ಆಕೆಗೆ ಸಂದೇಹವಿರಲಿಲ್ಲ, ನನಗೂ ಇಲ್ಲ.

ನನಗೆ ನನ್ನ ಬ್ರಿಡ್ಜ್ ತರಗತಿ ಮತ್ತು ದಿನದ ಹಾಳೆ ನೆನಪಾದವು. ನಾನು ಮಾಡಿದ್ದೆಂದರೆ ಆ ಗಂಟೆಯನ್ನೇ ಬೆಂಗಳೂರಿನಲ್ಲಿ ಮತ್ತೆ ಹೊಡೆದದ್ದು. ಹೊಡೆಯುವವರೆಗೆ ಆಕೆ ಓದಿದಳು, ಅಂಕವೂ ಬಂತು. ಪರೀಕ್ಷೆಯ ರಜೆಯಲ್ಲಿ ಬ್ರಿಡ್ಜ್ ತರಗತಿ ನಿಂತಿತು, ಹಾಳೆ ನಿಂತಿತು, ಐದು ವಿಷಯಗಳ ಐದೈದು ಘಟಕಗಳು ಒಟ್ಟಿಗೆ ಮೇಜಿನ ಮೇಲೆ ಬಂದವು. “ಪುಸ್ತಕ ತಗದು ಕುಂತಿದ್ನಿರಿ, ಯಾವುದು ಮೊದಲು ಅಂತ ತಿಳೀಲಿಲ್ರಿ” ಎಂದಳು. ಒಂದು ಪುಸ್ತಕವನ್ನು ಅರ್ಧ ಗಂಟೆ ನೋಡಿ, ಇನ್ನೊಂದು ಉಳಿಯಿತಲ್ಲ ಎಂದು ಅದನ್ನು ತೆರೆದು, ಹೀಗೆ ದಿನಗಳು ಕಳೆದಿದ್ದವು.

ಕಲಿಕೆಯ ಮನೋವಿಜ್ಞಾನದಲ್ಲಿ ಬ್ಯಾರಿ ಝಿಮ್ಮರ್‌ಮನ್ ಅವರು ಸ್ವನಿಯಂತ್ರಿತ ಕಲಿಕೆಯನ್ನು ಮೂರು ಹಂತಗಳ ಚಕ್ರವೆಂದು ವಿವರಿಸುತ್ತಾರೆ: ಏನನ್ನು ಹೇಗೆ ಕಲಿಯಬೇಕೆಂದು ಮುಂಚಿತವಾಗಿ ಯೋಚಿಸುವುದು, ಕಲಿಯುವ ಕೆಲಸವನ್ನು ನಡೆಸುವುದು, ನಡೆಸಿದ್ದನ್ನು ತಾನೇ ತೂಗಿನೋಡುವುದು. ಈ ವಿವರಣೆ ಆಕೆಯ ಸ್ಥಿತಿಗೆ ಹೊಂದಿಕೊಂಡಷ್ಟು ಬೇರಾವುದೂ ಹೊಂದಿಕೊಳ್ಳಲಿಲ್ಲ. ನಡುವಿನ ಹಂತದಲ್ಲಿ ಆಕೆಯಷ್ಟು ಶ್ರಮ ಪಡುವವರು ನನ್ನ ತರಗತಿಯಲ್ಲಿ ಕಡಿಮೆ. ಮೊದಲನೆಯದನ್ನು ಗೋಡೆಯ ವೇಳಾಪಟ್ಟಿಯೂ ಮೂರನೆಯದನ್ನು ಭಾನುವಾರದ ಪರೀಕ್ಷೆಯೂ ಎರಡು ವರ್ಷ ಆಕೆಗಾಗಿ ಮಾಡಿಕೊಟ್ಟಿದ್ದವು.

ಭಾನುವಾರದ ಪರೀಕ್ಷೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಆದರೆ ಒಂದು ವಾರದ ನಂತರ, ಓದಿದ್ದನ್ನು ನೆನಪಿನಿಂದ ಬರೆದು ನೋಡಿಕೊಂಡಿದ್ದವರೇ ಹೆಚ್ಚು ಉಳಿಸಿಕೊಂಡಿದ್ದರು. ಪಿಯುಸಿಯಲ್ಲಿ ಆಕೆ ಪ್ರತಿ ವಾರ ನೆನಪಿನಿಂದ ಬರೆಯುತ್ತಿದ್ದಳು. ಬೆಂಗಳೂರಿನಲ್ಲಿ ಅಂದವಾದ ನೋಟ್ಸನ್ನು ಮತ್ತೆ ಮತ್ತೆ ಓದುತ್ತಿದ್ದಳು. ಓದುವಾಗ ಎಲ್ಲವೂ ಗೊತ್ತಿದೆ ಎನಿಸುತ್ತಿತ್ತು, ಪರೀಕ್ಷೆಯ ಕೋಣೆಯಲ್ಲಿ ಕೈ ಓಡುತ್ತಿರಲಿಲ್ಲ.

ಕೈಬಿಡುವ ಕೆಲಸ

ಆಕೆ ಊರಿಗೆ ಹೋಗುವ ನಿರ್ಧಾರವನ್ನು ಒಂದು ಸೆಮಿಸ್ಟರ್ ಮುಂದಕ್ಕೆ ಹಾಕಿದಳು. ನಾನು ವೇಳಾಪಟ್ಟಿ ಮಾಡಿಕೊಡುವುದಿಲ್ಲ ಎಂದು ಮೊದಲೇ ಹೇಳಿದೆ. ಸೋಮವಾರ ಬೆಳಿಗ್ಗೆ ಆ ವಾರ ಮುಗಿಸಬೇಕಾದ ಮೂರು ಕೆಲಸಗಳನ್ನು ತಾನೇ ಬರೆದು ತರಬೇಕು. ಶನಿವಾರ ಮಧ್ಯಾಹ್ನ ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಎಂದು ತಾನೇ ಹೇಳಬೇಕು. ನಾನು ಕೇಳಿಸಿಕೊಳ್ಳುತ್ತೇನೆ, ಅಷ್ಟೇ.

ಮೊದಲ ಸೋಮವಾರ ಆಕೆ ತಂದದ್ದು ವಸತಿ ಕಾಲೇಜಿನ ಗೋಡೆಯ ಪಟ್ಟಿಯ ಪ್ರತಿ: 5ಕ್ಕೆ ಏಳುವುದು, 10.30ಕ್ಕೆ ಮಲಗುವುದು. ರಾತ್ರಿ ಪಾಳಿ ಮುಗಿಸಿದ ಕೋಣೆಯ ಜೊತೆಗಾತಿ ಮಲಗಲು ಬರುವ ಹೊತ್ತಿಗೆ ದೀಪ ಹಾಕಿ ಓದುವುದು ಆಗದ ಮಾತೆಂದು ನನಗೆ ಕಾಣುತ್ತಿತ್ತು. ಹೇಳಲಿಲ್ಲ. ಶನಿವಾರ ಆಕೆ ಅಳುವಂತಾಗಿ ಬಂದಳು. ಎರಡನೇ ವಾರವೂ ಅಷ್ಟೇ. ಅಧ್ಯಾಪಕ ವೃತ್ತಿಯಲ್ಲಿ ಇಷ್ಟು ವರ್ಷಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟವೆಂದು ನನಗೆ ಅನ್ನಿಸಿರಲಿಲ್ಲ. ಒಂದು ಪಟ್ಟಿ ಬರೆದುಕೊಟ್ಟಿದ್ದರೆ ಆಕೆಗೆ ಅಂದೇ ಸಮಾಧಾನವಾಗುತ್ತಿತ್ತು.

ಮೂರನೇ ವಾರ ಬದಲಾವಣೆ ಬಂದದ್ದು ಅನಿರೀಕ್ಷಿತ ಕಡೆಯಿಂದ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ನೀರಿನ ಹಾಹಾಕಾರ ಎದ್ದಿತ್ತು. ಆಕೆಯ ಪಿ.ಜಿ.ಯಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು. ಆರಕ್ಕೆ ಮೊದಲು ಸ್ನಾನ ಮುಗಿಸದಿದ್ದರೆ ಅಂದಿಗೆ ಸ್ನಾನವಿಲ್ಲ. ಹಾಗಾಗಿ ಆರೂವರೆಗೇ ಹೊರಟು ಏಳು ಗಂಟೆಯ ಹೊತ್ತಿಗೆ ಕಾಲೇಜಿಗೆ ಬಂದುಬಿಡುತ್ತಿದ್ದಳು. ತರಗತಿ ಆರಂಭವಾಗುವವರೆಗೆ ಖಾಲಿ ಕೊಠಡಿಯಲ್ಲಿ ಒಂದೂವರೆ ಗಂಟೆ ಸಿಕ್ಕಿತು. ನಾಲ್ಕನೇ ಸೋಮವಾರದ ಹಾಳೆಯಲ್ಲಿ ಮೊದಲ ಬಾರಿಗೆ ಗೋಡೆಯ ಪಟ್ಟಿ ಇರಲಿಲ್ಲ. ‘ಬೆಳಿಗ್ಗೆ ಗಣಿತ ಬ್ಯಾಕ್, ಒಂದು ಘಟಕ. ಸಂಜೆ ಲೈಬ್ರರಿಯಲ್ಲಿ ಅಂದಿನ ಪಾಠ ಪುಸ್ತಕ ಮುಚ್ಚಿ ಬರೆಯುವುದು. ರಾತ್ರಿ ಪಿ.ಜಿ.ಯಲ್ಲಿ ಓದುವುದಿಲ್ಲ’ ಎಂದಿತ್ತು. ರಾತ್ರಿ ಓದುವುದಿಲ್ಲ ಎಂದು ಬರೆಯಲು ಆಕೆಗೆ ಎಷ್ಟು ಧೈರ್ಯ ಬೇಕಾಯಿತೆಂಬುದು, ಆ ಸಾಲನ್ನು ಎರಡು ಸಲ ಹೊಡೆದುಹಾಕಿ ಮೂರನೇ ಸಲ ಬರೆದದ್ದರಲ್ಲಿ ಕಾಣುತ್ತಿತ್ತು.

ಭಾಷೆಯ ತೊಡಕು ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇತ್ತು, ಆದರೆ ನಾನು ಹುಡುಕಿದ ಕಡೆ ಇರಲಿಲ್ಲ. ಪಾಠ ಅರ್ಥವಾಗುತ್ತಿತ್ತು, ಉತ್ತರ ಬರೆಯಲೂ ಬರುತ್ತಿತ್ತು; ಪ್ರಶ್ನೆ ಕೇಳಲು ಮಾತ್ರ ಆಗುತ್ತಿರಲಿಲ್ಲ. ಅರ್ಥವಾಗದ್ದನ್ನು ಕೇಳುವಾಗ ಮನುಷ್ಯ ತಡವರಿಸುತ್ತಾನೆ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ಪರಭಾಷೆಯಲ್ಲಿ, ಧಾಟಿಗೆ ನಗುವವರ ಮುಂದೆ, ಮಾಡುವುದು ಯಾರಿಗೂ ಸುಲಭವಲ್ಲ. ಸಂದೇಹಗಳನ್ನು ಕನ್ನಡದಲ್ಲಿ ಚೀಟಿ ಬರೆದು ನನ್ನ ಮೇಜಿನ ಮೇಲೆ ಇಡಲು ಹೇಳಿದೆ. ಮೊದಲ ಚೀಟಿ ಸರಣಿಯ ವಿಸ್ತರಣೆ ಕುರಿತದ್ದು, ಬಹಳ ಒಳ್ಳೆಯ ಪ್ರಶ್ನೆ. ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿ ಉತ್ತರಿಸಿದೆ, ಯಾರದೆಂದು ಹೇಳಲಿಲ್ಲ. ಎರಡು ವಾರದಲ್ಲಿ ಮೇಜಿನ ಮೇಲೆ ಬೇರೆ ಕೈಬರಹದ ಚೀಟಿಗಳೂ ಬೀಳತೊಡಗಿದವು. ಅವುಗಳಲ್ಲಿ ಕೆಲವು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರದು.

ಮನೆಗೆ ಹೇಳುವುದು ಉಳಿದಿತ್ತು. ನಾನು ಮಾತನಾಡಲೇ ಎಂದು ಕೇಳಿದಾಗ ಬೇಡವೆಂದಳು. ಏಪ್ರಿಲ್ 9ರ ಯುಗಾದಿಗೆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿ, ಹಬ್ಬದ ಮರುದಿನ ಹೊಲದ ಬದುವಿನ ಮೇಲೆ ಕುಳಿತಿದ್ದ ತಂದೆಗೆ ಎರಡು ವಿಷಯ ಉಳಿದಿರುವುದನ್ನೂ ಒಂಬತ್ತು ದಿನ ಕೋಣೆಯಲ್ಲಿದ್ದುದನ್ನೂ ಹೇಳಿದಳು. ಆ ಹೊಲಕ್ಕೆ ಆ ವರ್ಷ ಎರಡನೇ ಬೆಳೆಯ ನೀರು ಬಂದಿರಲಿಲ್ಲ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದ್ ಬೆಳಿ ಹೋತಂತ ಹೊಲ ಬಿಡ್ತಾರೇನವ್ವ?” ಎಂದರಂತೆ. ಹಿಂತಿರುಗಿ ಬಂದ ಮೇಲೆ ಆಕೆ ಇದನ್ನು ನನಗೆ ಹೇಳಿದಾಗ, ಬಿ.ಎಸ್ಸಿ.ಯ ಮಾತು ಮತ್ತೆ ಬರಲಿಲ್ಲ.

ಆದದ್ದು, ಆಗದ್ದು

ಎರಡನೇ ಸೆಮಿಸ್ಟರಿನ ಎಲ್ಲ ವಿಷಯಗಳಲ್ಲಿ ಆಕೆ ತೇರ್ಗಡೆಯಾದಳು, ಅಂಕಗಳು ಸಾಧಾರಣ. ಗಣಿತದ ಬ್ಯಾಕ್ 100ಕ್ಕೆ 52ರೊಂದಿಗೆ ತೀರಿತು. ಭೌತಶಾಸ್ತ್ರ ಮೂರು ಅಂಕಗಳಿಂದ ಮತ್ತೆ ಉಳಿಯಿತು. ಗಣಿತಕ್ಕೆ ಬೆಳಗಿನ ಹೊತ್ತನ್ನೆಲ್ಲ ಕೊಟ್ಟಿದ್ದೇ ಇದಕ್ಕೆ ಕಾರಣವೆಂದು ಶನಿವಾರದ ಭೇಟಿಯಲ್ಲಿ ಆಕೆಯೇ ಲೆಕ್ಕ ಹಾಕಿ ಹೇಳಿದಳು. ಆ ವಿಶ್ಲೇಷಣೆ ಸರಿಯಾಗಿತ್ತು.

ಒಂದೇ ಪ್ರಕರಣದಿಂದ ಎಲ್ಲರ ಬಗ್ಗೆ ತೀರ್ಮಾನಕ್ಕೆ ಬರಲಾಗದು. ಎರಡನೇ ಸೆಮಿಸ್ಟರಿಗೆ ಊರೂ ಪಠ್ಯಕ್ರಮವೂ ಹೇಗೂ ಸ್ವಲ್ಪ ಪಳಗುತ್ತವೆ. ಸಮಾಲೋಚಕರ ಭೇಟಿಗಳಿಂದ ನಿದ್ದೆ ಸರಿಹೋಗಿತ್ತು. ಲ್ಯಾಬ್ ಜೊತೆಗಾತಿ ಗೆಳತಿಯಾಗಿದ್ದಳು. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂದು ನಾನು ಬೇರ್ಪಡಿಸಿ ಹೇಳಲಾರೆ. ಆದರೆ ವಸತಿ ಪಿಯು ಕಾಲೇಜುಗಳಿಂದ ಬರುವ ಮಕ್ಕಳು ಪ್ರತಿ ವರ್ಷ ನಮ್ಮ ತರಗತಿಗಳಲ್ಲಿರುತ್ತಾರೆ. ಅಂಕ ಚೆನ್ನಾಗಿದೆ, ಹಾಸ್ಟೆಲ್ ಅಭ್ಯಾಸವಿದೆ ಎಂದು ಪ್ರವೇಶದ ಸಮಯದಲ್ಲಿ ನಾವು ಮೊದಲು ಮರೆಯುವುದೂ ಅವರನ್ನೇ. 2024ರಲ್ಲಿ ಹೊಸಬರು ಬಂದಾಗ ನನ್ನ ಗುಂಪಿನ ಪರಿಚಯ ಪತ್ರದಲ್ಲಿ ಮಾಧ್ಯಮ ಯಾವುದು ಎಂಬ ಪ್ರಶ್ನೆಯ ಪಕ್ಕದಲ್ಲಿ, ‘ಪಿಯುಸಿಯಲ್ಲಿ ಯಾವ ಹೊತ್ತಿಗೆ ಏನು ಓದಬೇಕೆಂದು ಯಾರು ನಿರ್ಧರಿಸುತ್ತಿದ್ದರು?’ ಎಂಬ ಇನ್ನೊಂದು ಪ್ರಶ್ನೆ ಸೇರಿಸಿದೆ. ಉತ್ತರ ಬರೆಯದೆ ಖಾಲಿ ಬಿಟ್ಟವರನ್ನು ಮೊದಲ ವಾರದಲ್ಲೇ ಕರೆದು ಮಾತನಾಡಿಸುತ್ತೇನೆ.

ಭೌತಶಾಸ್ತ್ರ ಮೂರನೇ ಪ್ರಯತ್ನದಲ್ಲಿ ತೀರಿತು. ಅದಕ್ಕೆ ಮೊದಲೇ, ಮೂರನೇ ಸೆಮಿಸ್ಟರಿನ ಒಂದು ಶುಕ್ರವಾರ ರಾತ್ರಿ ಆಕೆಯಿಂದ ಸಂದೇಶ ಬಂದಿತ್ತು: ನಾಳೆ ಬರುವುದಿಲ್ಲ, ಗೆಳತಿಯ ಜೊತೆ ಲೈಬ್ರರಿಯಲ್ಲಿ ಡಾಟಾ ಸ್ಟ್ರಕ್ಚರ್ಸ್ ಓದಲು ಕುಳಿತುಕೊಳ್ಳುತ್ತೇನೆ, ಇನ್ನು ಮೇಲೆ ಬೇಕಾದಾಗ ಕೇಳಿಕೊಂಡು ಬರುತ್ತೇನೆ. ನಾನು ಆ ಶನಿವಾರದ ಹೊತ್ತನ್ನು ಹೊಸ ಗುಂಪಿನ ಒಬ್ಬ ಹುಡುಗನಿಗೆ ಕೊಟ್ಟೆ.